ಊರು ಬಿಟ್ಟು ಉಳಿದವರು: ಪ್ಲೇಗಿನ ಕಾಲದ ನಮ್ಮ ಸಣ್ಣ ಊರುಗಳು

ನಮ್ಮ ಹಿರಿಯರಿಗೆ ವರ್ಷಗಳನ್ನು ಇಸವಿಯಿಂದ ಗುರುತಿಸುವ ಅಭ್ಯಾಸ ಅಷ್ಟಾಗಿ ಇರಲಿಲ್ಲ. ‘ಧಾತು ಬರದ ವರ್ಷ’, ‘ಕೆರೆ ಒಡೆದ ವರ್ಷ’, ‘ಪ್ಲೇಗಿನ ವರ್ಷ’ ಎಂದು ಹೇಳುತ್ತಿದ್ದರು. ಮದುವೆ, ಹೆರಿಗೆ, ಜಮೀನಿನ ವ್ಯಾಜ್ಯ ಎಲ್ಲಕ್ಕೂ ಇವೇ ಮೈಲಿಗಲ್ಲುಗಳು. ಇವುಗಳಲ್ಲಿ ಧಾತು ಬರ ಒಂದೇ. 1876ರಿಂದ 1878ರವರೆಗೆ ನಾಡನ್ನು ಸುಟ್ಟು ಹೋಯಿತು. ಆದರೆ ‘ಪ್ಲೇಗಿನ ವರ್ಷ’ ಎಂದಾಗ ‘ಯಾವ ಪ್ಲೇಗು?’ ಎಂದು ಮತ್ತೆ ಕೇಳಬೇಕಾಗುತ್ತಿತ್ತು. ಏಕೆಂದರೆ 1898ರಲ್ಲಿ ಕನ್ನಡ ನಾಡಿಗೆ ಕಾಲಿಟ್ಟ ಈ ಮಾರಿ ಸುಮಾರು ಐವತ್ತು ವರ್ಷ, ಬಿಟ್ಟು ಬಿಟ್ಟು, ಊರಿಂದ ಊರಿಗೆ ತಿರುಗುತ್ತಲೇ ಇತ್ತು.

2020ರಲ್ಲಿ ಕೋವಿಡ್ ಬಂದಾಗ ನಾವೆಲ್ಲ ಇಲ್ಲಿ ಅಮೆರಿಕದಲ್ಲಿ ಬಾಗಿಲು ಹಾಕಿಕೊಂಡು ಮನೆಯೊಳಗೆ ಕುಳಿತೆವು. ಊರಿನಲ್ಲಿ ನಮ್ಮ ತಂದೆತಾಯಿಗಳೂ ಹಾಗೇ ಕುಳಿತರು. ಮನೆಯೇ ಸುರಕ್ಷಿತ, ಹೊರಗೆ ಅಪಾಯ ಎಂಬುದು ಆಗಿನ ಪಾಠ. ಆದರೆ ನಮ್ಮ ಅಜ್ಜ ಮುತ್ತಜ್ಜಂದಿರು ಕಲಿತಿದ್ದ ಪಾಠ ಇದಕ್ಕೆ ತಿರುಗುಮುರುಗು. ಅವರ ಮಾರಿ ಮನೆಯೊಳಗೇ ಇತ್ತು. ಆದ್ದರಿಂದ ಅವರು ಮನೆಗೆ ಬೀಗ ಹಾಕಿ, ಇಡೀ ಊರನ್ನೇ ಖಾಲಿ ಮಾಡಿ, ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ಬದುಕಿದರು. ಸಾವಿರಾರು ಜನರ ಪ್ರಾಣ ಉಳಿಸಿದ ಈ ವಲಸೆಯ ಕಥೆ ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಸಿಗುವುದಿಲ್ಲ. ಅಜ್ಜಿಯರ ಮಾತಿನಲ್ಲಿ ಸಿಗುತ್ತಿತ್ತು. ಅದನ್ನು ಒಂದಿಷ್ಟು ಒಟ್ಟುಗೂಡಿಸಿ ಇಲ್ಲಿ ಹೇಳಲು ಹೊರಟಿದ್ದೇವೆ.

ಈ ಪ್ಲೇಗು ಚೀನಾದ ಯುನ್ನಾನ್ ಪ್ರಾಂತ್ಯದಿಂದ ಹೊರಟು 1894ರಲ್ಲಿ ಹಾಂಗ್‌ಕಾಂಗಿಗೆ ಬಂತು. ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದ್ದೂ ಅಲ್ಲಿಯೇ, ಅದೇ ವರ್ಷ. ಅಲ್ಲಿಂದ ಹಡಗೇರಿ 1896ರಲ್ಲಿ ಮುಂಬಯಿಯ ಮಾಂಡವಿ ಬಂದರು ಪ್ರದೇಶಕ್ಕೆ ಬಂತು. ಆಮೇಲೆ ಅದಕ್ಕೆ ಹಡಗು ಬೇಕಾಗಲಿಲ್ಲ, ರೈಲು ಸಾಕಾಯಿತು. ಪುಣೆ, ಬೆಳಗಾವಿ, ಧಾರವಾಡ, ರೈಲ್ವೆ ಕಾರ್ಖಾನೆಯಿದ್ದ ಹುಬ್ಬಳ್ಳಿ, ಹರಿಹರ, ಕೊನೆಗೆ 1898ರ ಆಗಸ್ಟಿನಲ್ಲಿ ಬೆಂಗಳೂರು: ರೈಲುಹಾದಿಯ ನಕ್ಷೆಯನ್ನೂ ಪ್ಲೇಗಿನ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡಬಹುದು. 1891ರ ಜನಗಣತಿಯಲ್ಲಿ 1,80,366 ಇದ್ದ ಬೆಂಗಳೂರಿನ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿಯಿತು. ಕೆಲವರು ಸತ್ತರು, ಕೆಲವರು ಓಡಿಹೋದರು. ಓಡಿದವರು ಹೋದದ್ದಾದರೂ ಎಲ್ಲಿಗೆ? ತಮ್ಮ ತಮ್ಮ ಸಣ್ಣ ಊರುಗಳಿಗೆ. ಅವರ ಗಂಟುಮೂಟೆ, ಧಾನ್ಯದ ಚೀಲಗಳ ಜೊತೆಗೆ ಪ್ಲೇಗೂ ಹೋಯಿತು.

ಆ ಕಾಲದ ಒಂದು ಸಣ್ಣ ಊರನ್ನು ನೆನಪಿಸಿಕೊಳ್ಳೋಣ. ನಾಲ್ಕೈದು ಸಾವಿರ ಜನ. ನಡುವೆ ಒಂದು ಪೇಟೆಬೀದಿ, ಹಳೆಯ ಕೋಟೆಯ ಒಳಗೆ ಒತ್ತೊತ್ತಾದ ಮನೆಗಳು, ತಾಲ್ಲೂಕು ಕಚೇರಿ, ವಾರಕ್ಕೊಂದು ಸಂತೆ. ಮನೆಗಳಿಗೆ ಮಣ್ಣಿನ ಗೋಡೆ, ನಾಡಹೆಂಚು ಅಥವಾ ಹುಲ್ಲಿನ ಮಾಡು. ಕಿಟಕಿ ಎಂದರೆ ಗೋಡೆಯಲ್ಲಿ ಒಂದು ಗವಾಕ್ಷಿ. ಅಟ್ಟದ ಮೇಲೆ ತೆಂಗಿನಕಾಯಿ, ವಾಡೆಗಳಲ್ಲಿ ಧಾನ್ಯ, ನೆಲದಡಿಯ ಹಗೇವಿನಲ್ಲಿ ರಾಗಿ, ಒಂದು ಪಕ್ಕದಲ್ಲಿ ದನದ ಕೊಟ್ಟಿಗೆ. ಬರಗಾಲವನ್ನು ಕಂಡವರು ಕಟ್ಟಿದ ಮನೆಗಳಿವು. ಕಾಳು ಕಾಪಾಡುವುದೇ ಅವುಗಳ ಮೊದಲ ಕೆಲಸ. ಮನುಷ್ಯರಿಗೆ ಇದು ಸುಭಿಕ್ಷದ ಮನೆ. ಇಲಿಗಳಿಗೂ ಅಷ್ಟೇ!

ಪ್ಲೇಗು ಮೊದಲು ಇಲಿಯ ರೋಗ. ಇಲಿಯ ಮೈಮೇಲಿನ ಚಿಗಟ ಅದನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಇಲಿಗಳು ಸತ್ತು ತಣ್ಣಗಾದಾಗ ಹಸಿದ ಚಿಗಟಗಳು ಅದೇ ಮನೆಯಲ್ಲಿ ಮಲಗಿರುವ ಮನುಷ್ಯನನ್ನು ಕಚ್ಚುತ್ತವೆ. ಕಚ್ಚಿದ ಎರಡರಿಂದ ಆರು ದಿನಗಳಲ್ಲಿ ಜ್ವರ, ತೊಡೆಯ ಸಂದಿನಲ್ಲೋ ಕಂಕುಳಲ್ಲೋ ಗೆಡ್ಡೆ. ಔಷಧವಿಲ್ಲದ ಆ ಕಾಲದಲ್ಲಿ ಕಾಯಿಲೆ ಬಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳಿಯುತ್ತಿರಲಿಲ್ಲ. ಚಿಗಟದ ಈ ಪಾತ್ರವನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂಡ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ. ವಿದ್ವಾಂಸರು ಅದನ್ನು ಪೂರ್ತಿ ಒಪ್ಪಲು ಇನ್ನೂ ಏಳೆಂಟು ವರ್ಷ ಹಿಡಿಯಿತು. ನಮ್ಮ ಹಳ್ಳಿಯವರಿಗೆ ಸಿಮೋಂಡ್ ಗೊತ್ತಿರಲಿಲ್ಲ, ಚಿಗಟದ ವಿಷಯವೂ ಗೊತ್ತಿರಲಿಲ್ಲ. ಆದರೆ ಒಂದು ಮಾತು ಗೊತ್ತಿತ್ತು: ಇಲಿ ಬಿದ್ದರೆ ಊರು ಬಿಡಬೇಕು.

‘ಇಲಿ ಬೀಳುವುದು’ ಎಂಬ ಈ ಮಾತು ಆ ಅರ್ಧ ಶತಮಾನದಲ್ಲಿ ಎಷ್ಟು ಭಯ ಹುಟ್ಟಿಸುತ್ತಿತ್ತು ಎಂಬುದನ್ನು ಈಗ ಊಹಿಸುವುದೂ ಕಷ್ಟ. ಇಲಿ ಸಾಮಾನ್ಯವಾಗಿ ಮನುಷ್ಯರ ಕಣ್ಣಿಗೆ ಬೀಳದಂತೆ ಸಾಯುವ ಪ್ರಾಣಿ. ಅದು ಹಗಲು ಹೊತ್ತಿನಲ್ಲಿ ನಡುಮನೆಗೆ ಬಂದು, ಅಮಲೇರಿದಂತೆ ತೂರಾಡಿ, ಜನರ ಎದುರಿಗೇ ಬಿದ್ದು ಸತ್ತರೆ ಅದು ಎಚ್ಚರಿಕೆಯ ಗಂಟೆ. ಮನುಷ್ಯರಿಗೆ ರೋಗ ತಗಲುವುದಕ್ಕೆ ಸಾಮಾನ್ಯವಾಗಿ ಒಂದೆರಡು ವಾರದ ಅವಕಾಶ ಉಳಿದಿರುತ್ತಿತ್ತು. ಆ ಅವಕಾಶವನ್ನು ಬಳಸಿಕೊಂಡವರು ಬದುಕಿದರು. ‘ಒಂದೇ ಇಲಿ ತಾನೆ, ಬೆಕ್ಕು ಕಚ್ಚಿರಬೇಕು’ ಎಂದುಕೊಂಡವರ ಮನೆಯಲ್ಲಿ ಸಾವು. ಇಲಿ ಬಿದ್ದ ಸುದ್ದಿಯನ್ನು ಮುಚ್ಚಿಡುವವರೂ ಇದ್ದರು. ವ್ಯಾಪಾರಿಗೆ ಅಂಗಡಿ ಮುಚ್ಚುವ ಚಿಂತೆ. ಮದುವೆ ಗೊತ್ತಾದ ಮನೆಯವರಿಗೆ ಲಗ್ನ ತಪ್ಪುವ ಚಿಂತೆ. ಈ ಚಿಂತೆಗಳು 2020ರಲ್ಲಿ ನಮಗೂ ಹೊಸದಾಗಿರಲಿಲ್ಲ, ಅಲ್ಲವೇ?

ಊರು ಬಿಡುವುದು ಎಂದರೆ ಒಂದೇ ದಿನದ ಕೆಲಸವಲ್ಲ. ಊರಿನಿಂದ ಸ್ವಲ್ಪ ದೂರದಲ್ಲಿ, ಬಾವಿಯೋ ಕೆರೆಯೋ ಹತ್ತಿರವಿರುವ ಹೊಲ ಅಥವಾ ತೋಪು ನೋಡಬೇಕು. ಬಿದಿರು, ಗಳ, ತೆಂಗಿನ ಗರಿ, ಜೋಳದ ದಂಟು, ಬಾದೆಹುಲ್ಲು ಹೊಂದಿಸಬೇಕು. ಉಳ್ಳವರು ತಗಡಿನ ಶೆಡ್ಡು ಹಾಕಿಸಿದರೆ ಇಲ್ಲದವರು ಸೋಗೆಯ ಗುಡಿಸಲು ಹಾಕಿಕೊಂಡರು. ಗಾಡಿಯ ಮೇಲೆ ಪಾತ್ರೆ, ಹಾಸಿಗೆ, ದೇವರ ಪೆಟ್ಟಿಗೆ, ತೊಟ್ಟಿಲು. ಮುದುಕರನ್ನೂ ಬಾಣಂತಿಯರನ್ನೂ ಗಾಡಿಯಲ್ಲೇ ಕೂರಿಸಿಕೊಂಡು ಹೋಗಬೇಕು. ಬೀದಿಯಲ್ಲಿ ಅಕ್ಕಪಕ್ಕ ಇದ್ದವರು ಹೊಲದಲ್ಲೂ ಬಹುಮಟ್ಟಿಗೆ ಅಕ್ಕಪಕ್ಕವೇ. ಊರಿನ ಜಾತಿಯ ಗೆರೆಗಳು ಗುಡಿಸಲಿನ ಸಾಲುಗಳಲ್ಲೂ ಹಾಗೆಯೇ ಮೂಡುತ್ತಿದ್ದವು. ಪ್ಲೇಗು ಮನೆ ಬಿಡಿಸಿತು, ಮಡಿ ಬಿಡಿಸಲಿಲ್ಲ.

ಈ ವಲಸೆಗೆ ಒಂದು ಋತುವೂ ಇತ್ತು. ಚಿಗಟಕ್ಕೆ ಬಿರುಬೇಸಿಗೆ ಒಗ್ಗುವುದಿಲ್ಲ. ಆದ್ದರಿಂದ ನಮ್ಮ ಸೀಮೆಯಲ್ಲಿ ಪ್ಲೇಗು ಮಳೆಗಾಲದ ಕೊನೆಗೆ ತಲೆಯೆತ್ತಿ, ಚಳಿಗಾಲದಲ್ಲಿ ಉರಿದು, ಬೇಸಿಗೆ ಬಂದಂತೆ ಅಡಗುತ್ತಿತ್ತು. ರಾಗಿ ಕೊಯ್ಲು, ಕಣದ ಕೆಲಸ ಇದೇ ತಿಂಗಳುಗಳಲ್ಲಿ. ಹೀಗಾಗಿ ಹೊಲದಲ್ಲಿ ಇರುವುದು ಒಕ್ಕಲಿಗನಿಗೆ ಅಷ್ಟೇನೂ ಅನನುಕೂಲವಾಗಲಿಲ್ಲ. ಆದರೆ ನೇಕಾರ ಮಗ್ಗವನ್ನು ಎಲ್ಲಿಗೆ ಹೊತ್ತೊಯ್ಯಬೇಕು? ಎಣ್ಣೆಗಾಣದವನು ಗಾಣವನ್ನು ಎಲ್ಲಿ ಹೂಡಬೇಕು? ಅಕ್ಕಸಾಲಿಗ, ದರ್ಜಿ, ಮಿಠಾಯಿ ಅಂಗಡಿಯವನು ಯಾರಿಗೆ ಮಾರಬೇಕು? ಸಂತೆ ನಿಂತರೆ ಬೀದಿಯೇ ಆಧಾರವಾದವರ ಒಲೆ ಆರಿತು. ಪೈರು ಕೈಗೆ ಬರುವ ಕಾಲ ಬೇಸಾಯಗಾರನನ್ನು ಕಾಯಿತು. ಕೈಕಸುಬಿನವರಿಗೆ ಅಂಥ ಆಸರೆ ಇರಲಿಲ್ಲ.

ಕ್ರಮೇಣ ಗುಡಿಸಲಿನ ಊರಿಗೂ ಒಂದು ದಿನಚರಿ ಬಂತು. ಶಾಲೆ ಮುಚ್ಚಿದರೆ ಮುಚ್ಚಿತು, ಇಲ್ಲವೇ ಮೇಷ್ಟರು ಮರದ ಕೆಳಗೆ ಮರಳಿನ ಮೇಲೆ ಅಕ್ಷರ ತಿದ್ದಿಸಿದರು. ಹೆಂಗಸರಿಗೆ ಕೆಲಸ ಇಮ್ಮಡಿ: ಗಾಳಿಗೆ ನಿಲ್ಲದ ಒಲೆ, ದೂರದ ನೀರು, ಹುಲ್ಲಿನ ಗುಡಿಸಲಿಗೆ ಎಲ್ಲಿ ಕಿಡಿ ತಾಗೀತೋ ಎಂಬ ಕಾವಲು. ರಾತ್ರಿ ಚಳಿ, ಹಾವು, ಚೇಳು. ಹಗಲಲ್ಲಿ ಗಂಡಸರು ಬೀಗ ಹಾಕಿದ ಮನೆಗಳನ್ನು ಹೊರಗಿನಿಂದ ನೋಡಿಕೊಂಡು ಬರುತ್ತಿದ್ದರು. ಖಾಲಿ ಊರಿನಲ್ಲಿ ಕಳ್ಳರಿಗೆ ಸುಗ್ಗಿ. ಗುಡಿಯ ದೇವರಿಗೆ ದೀಪ ಹಚ್ಚಲು ಅರ್ಚಕ ಒಬ್ಬನೇ ಹೋಗಿ ಬಾಗಿಲು ತೆಗೆದು ಬೇಗನೆ ಮರಳಬೇಕು. ಮಕ್ಕಳಿಗೆ ಮಾತ್ರ ಇದೆಲ್ಲ ಹಬ್ಬ. ಆ ಕಾಲದಲ್ಲಿ ಮಕ್ಕಳಾಗಿದ್ದವರು ಮುದುಕರಾದ ಮೇಲೆ ಪ್ಲೇಗಿನ ಗುಡಿಸಲನ್ನು ಬೆಳದಿಂಗಳು, ಹಸಿ ಅವರೆಕಾಯಿ, ರಾತ್ರಿ ಹೇಳಿಸಿಕೊಂಡ ಕಥೆಗಳ ಜೊತೆ ನೆನೆಯುತ್ತಿದ್ದುದು ಸುಳ್ಳಲ್ಲ. ಅವರ ತಾಯಂದಿರ ನೆನಪು ಬೇರೆಯೇ ಇದ್ದಿರಬೇಕು.

ಏಕೆಂದರೆ ಸಾವು ಹೊಲಕ್ಕೂ ಹಿಂಬಾಲಿಸುತ್ತಿತ್ತು. ತಡವಾಗಿ ಹೊರಟವರು ಕಾಯಿಲೆಯನ್ನು ಮೈಯಲ್ಲೇ ತಂದಿರುತ್ತಿದ್ದರು. ಕೆಲವೊಮ್ಮೆ ಧಾನ್ಯದ ಚೀಲದಲ್ಲಿ ಚಿಗಟವೇ ಬಂದಿರುತ್ತಿತ್ತು. ಮರೆತ ಪಾತ್ರೆಗೋ ಬಚ್ಚಿಟ್ಟ ಒಡವೆಗೋ ಊರೊಳಗೆ ಹೋಗಿ ಒಂದು ರಾತ್ರಿ ಮಲಗಿ ಬಂದವನು ಮೂರನೇ ದಿನ ಮಲಗಿದರೆ ಮತ್ತೆ ಏಳುತ್ತಿರಲಿಲ್ಲ. ಹೆಣ ಹೊರುವುದಕ್ಕೆ ನಾಲ್ಕು ಜನ ಸಿಗುವುದೇ ಕಷ್ಟ. ಗಾಡಿಯ ಮೇಲೆ ಸಾಗಿಸಿದ್ದುಂಟು. ತಿಥಿ, ಹನ್ನೊಂದನೆಯ ದಿನ, ಮನೆಯ ಸೂತಕ ಎಲ್ಲವೂ ಮೊಟಕಾದದ್ದುಂಟು. ‘ನಿನಗೆ ಪ್ಲೇಗು ಬಡಿಯ’ ಎಂಬ ಬೈಗುಳ ನಮ್ಮ ಭಾಷೆಯೊಳಗೆ ಸೇರಿದ್ದು ಈ ದಿನಗಳಲ್ಲಿಯೇ. ದೇವರ ಪಟ್ಟಿಯೂ ಬೆಳೆಯಿತು. ಸಿಡುಬಿಗೆ, ಕಾಲರಾಕ್ಕೆ ಮಾರಮ್ಮ ಮೊದಲೇ ಇದ್ದಳು; ಈಗ ಪ್ಲೇಗಿನಮ್ಮ ಬಂದಳು. ಬೆಂಗಳೂರಿನಲ್ಲಿ ಇವತ್ತಿಗೂ ಪ್ಲೇಗಿನ ಮಾರಮ್ಮನ ಗುಡಿಗಳಿವೆ. ರೋಗಕ್ಕೆ ಇಂಗ್ಲಿಷ್ ಹೆಸರು, ಅಮ್ಮನಿಗೆ ಬೇವಿನ ಸೊಪ್ಪು, ತಂಬಿಟ್ಟಿನ ಆರತಿ. ಎರಡನ್ನೂ ನಮ್ಮವರು ಒಂದೇ ಗುಡಿಯಲ್ಲಿ ಕೂಡಿಸಿದರು.

ಇನ್ನು ಸರ್ಕಾರದ ಮಾತು. 1897ರ ಫೆಬ್ರವರಿಯಲ್ಲಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದರು. ಮನೆ ಶೋಧಿಸುವ, ರೋಗಿಗಳನ್ನು ಎಳೆದೊಯ್ಯುವ, ಜಾತ್ರೆ ನಿಲ್ಲಿಸುವ ಅಧಿಕಾರವೆಲ್ಲ ಅದರಿಂದ ಬಂತು. ಪುಣೆಯಲ್ಲಿ ಸೈನಿಕರು ಅಡಿಗೆಮನೆ, ದೇವರ ಮನೆಗಳಿಗೆ ನುಗ್ಗಿದ್ದರಿಂದ ಜನ ರೊಚ್ಚಿಗೆದ್ದರು. ಅದೇ ಜೂನಿನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡನನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಕೊಂದರು. ನಮ್ಮ ಕಡೆ ಆಗ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಆಳ್ವಿಕೆ, ಶೇಷಾದ್ರಿ ಅಯ್ಯರ್ ದಿವಾನರು. ಮುಂದೆ 1906ರಲ್ಲಿ ತಾವೇ ದಿವಾನರಾದ ವಿ. ಪಿ. ಮಾಧವರಾಯರು ಮೈಸೂರಿನ ಪ್ಲೇಗ್ ಕಮಿಷನರ್. ರೈಲು ಪ್ರಯಾಣಿಕರ ತಪಾಸಣೆ, ಪ್ರತ್ಯೇಕ ಶಿಬಿರ, ಮನೆಗಳಿಗೆ ಸುಣ್ಣ, ಬಿಸಿಲು ಬೀಳಲೆಂದು ಹೆಂಚು ತೆಗೆಸುವುದು ಇವೆಲ್ಲ ಆಗಿನ ಕ್ರಮಗಳು. ಕಂಕುಳಲ್ಲಿ ಗೆಡ್ಡೆ ಇದೆಯೇ ಎಂದು ಪರರು ಮುಟ್ಟಿ ನೋಡುವುದನ್ನು ನಮ್ಮ ಹೆಂಗಸರು ಸಹಿಸುವುದುಂಟೇ? ರೋಗಿಯನ್ನು ಅಟ್ಟದ ಮೇಲೆ ಬಚ್ಚಿಟ್ಟರು, ಹೆಣವನ್ನು ರಾತ್ರಿ ಸಾಗಿಸಿದರು. ಮುಚ್ಚಿಟ್ಟಷ್ಟೂ ರೋಗ ಹಬ್ಬಿತು. ಬಲಾತ್ಕಾರದಿಂದ ಕೆಲಸ ಕೆಡುತ್ತದೆ ಎಂಬುದು ನಾಲ್ಕಾರು ವರ್ಷಗಳಲ್ಲಿ ಸರ್ಕಾರಗಳಿಗೂ ಮನವರಿಕೆಯಾಯಿತು. ಶೋಧನೆ ಸಡಿಲವಾಯಿತು. ಜನ ತಾವಾಗಿಯೇ ಊರು ಬಿಟ್ಟರೆ ನೆರವಾಗುವುದು ಮೇಲು ಎಂಬ ದಾರಿಗೆ ಅವರೂ ಬಂದರು.

ಸೂಜಿಮದ್ದಿನ ಕಥೆಯೂ ಇದೇ ರೀತಿಯದು. ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡ. ಅದರ ದೊಡ್ಡ ಪರೀಕ್ಷೆ ನಡೆದ ಊರುಗಳಲ್ಲಿ ನಮ್ಮ ಹುಬ್ಬಳ್ಳಿಯೂ ಒಂದು. 1898ರಲ್ಲಿ ಅಲ್ಲಿ ಹತ್ತಾರು ಸಾವಿರ ಜನ ಲಸಿಕೆ ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಸಾವು ಕಡಿಮೆ ಎಂಬುದು ಕಣ್ಣಿಗೆ ಕಾಣುವಂತಿತ್ತು. ಆದರೆ ಚುಚ್ಚಿಸಿಕೊಂಡರೆ ಜ್ವರ, ತೋಳು ಬಾವು. ಜೊತೆಗೆ ಗಂಡಸುತನ ಹೋಗುತ್ತದೆ, ಜಾತಿ ಕೆಡುತ್ತದೆ ಎಂಬ ಪುಕಾರು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತಾಗ ಪುಕಾರಿಗೆ ಬಲ ಬಂತು. ತಪ್ಪು ಹಾಫ್ಕಿನ್‌ನದಲ್ಲ ಎಂದು ತೀರ್ಮಾನವಾಗಲು ವರ್ಷಗಳೇ ಬೇಕಾದವು. ಅಷ್ಟರಲ್ಲಿ ಸಣ್ಣ ಊರಿನವರ ಮನಸ್ಸಿನಲ್ಲಿ ಸೂಜಿಗಿಂತ ಗುಡಿಸಲೇ ನಂಬಿಕೆಯ ಮದ್ದಾಗಿ ಉಳಿಯಿತು.

ಆ ನಂಬಿಕೆ ಹುಸಿಯಾಗಲಿಲ್ಲ ಎಂಬುದೇ ಈ ಚರಿತ್ರೆಯ ಸಾರ. ಗೆಡ್ಡೆಯ ಪ್ಲೇಗು ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಹರಡುವುದು ಅಪರೂಪ. ಇಲಿ ಇರುವ ಮನೆಯೇ ಅದರ ಬೀಡು. ಜನ ಹೊರಟುಹೋದರೆ ಚಿಗಟಗಳಿಗೆ ಕಚ್ಚಲು ಇಲಿಯೂ ಇಲ್ಲ, ಮನುಷ್ಯನೂ ಇಲ್ಲ. ಎರಡು ಮೂರು ತಿಂಗಳು ಕಳೆದು, ಬಿಸಿಲು ಏರಿ, ಮನೆಗೆ ಸುಣ್ಣ ಹೊಡೆಸಿ ಹಿಂದಿರುಗುವಷ್ಟರಲ್ಲಿ ಮಾರಿ ತಾನಾಗಿಯೇ ಸತ್ತಿರುತ್ತಿತ್ತು. ಕಾರಣ ತಿಳಿಯದಿದ್ದರೂ ಸರಿಯಾದ ಕೆಲಸವನ್ನು ನಮ್ಮವರು ಮಾಡಿದರು. ಕಣ್ಣಾರೆ ಕಂಡದ್ದನ್ನು ನಂಬಿ, ಇಡೀ ಊರು ಒಟ್ಟಾಗಿ ಮಾಡಿದರು. ಒಬ್ಬ ಮಾತ್ರ ಹೊರಟರೆ ಪ್ರಯೋಜನ ಕಡಿಮೆ, ಎಲ್ಲರೂ ಹೊರಟರೆ ಎಲ್ಲರೂ ಉಳಿಯುತ್ತಾರೆ.

ಆದರೆ ಒಂದು ಮಾರಿಯ ಪಾಠ ಇನ್ನೊಂದಕ್ಕೆ ಸಲ್ಲುವುದಿಲ್ಲ ಎಂಬುದೂ ಅವರಿಗೆ ಬೇಗನೆ ತಿಳಿಯಿತು. 1918ರಲ್ಲಿ ಇನ್‌ಫ್ಲುಯೆಂಜಾ ಮತ್ತೆ ಮುಂಬಯಿ ಬಂದರಿನಿಂದಲೇ ಬಂತು. ಅದು ಉಸಿರಿನಿಂದ ಹರಡುವ ರೋಗ. ಇಲಿ ಬಿದ್ದು ಎಚ್ಚರಿಸಲಿಲ್ಲ, ಗುಡಿಸಲು ಕಾಪಾಡಲಿಲ್ಲ. ಪ್ಲೇಗು ಅರ್ಧ ಶತಮಾನದಲ್ಲಿ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಇನ್‌ಫ್ಲುಯೆಂಜಾ ಅಷ್ಟನ್ನು ಕೆಲವೇ ತಿಂಗಳಲ್ಲಿ ಮಾಡಿ ಮುಗಿಸಿತು. 1911ರಿಂದ 1921ರ ದಶಕದಲ್ಲಿ ಭಾರತದ ಜನಸಂಖ್ಯೆ ಏರುವ ಬದಲು ಇಳಿಯಿತು. ಜನಗಣತಿಯ ಇತಿಹಾಸದಲ್ಲಿ ಅಂಥ ದಶಕ ಅದೊಂದೇ.

ಪ್ಲೇಗು ಬಿಟ್ಟುಹೋದ ಗುರುತುಗಳು ಇಂದಿಗೂ ನಮ್ಮ ಕಣ್ಣ ಮುಂದಿವೆ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಪ್ಲೇಗಿನ ಹೆದರಿಕೆಯಲ್ಲಿ 1898ರಲ್ಲಿ ರೂಪುಗೊಂಡವು. ಅಗಲವಾದ ರಸ್ತೆ, ಮನೆಯ ಸುತ್ತ ಖಾಲಿ ಜಾಗ, ಗಾಳಿ ಬೆಳಕು ಎಲ್ಲ ಆ ಭಯದ ಕೊಡುಗೆ. ಸಣ್ಣ ಊರುಗಳಲ್ಲೂ ಹಳೆಯ ಕೋಟೆಬೀದಿಗೆ ಮರಳದೆ ಗುಡಿಸಲು ಹಾಕಿದ ಕಡೆಯೇ ಮನೆ ಕಟ್ಟಿಕೊಂಡವರಿದ್ದರು. ಊರಿಗೆ ಹೋದಾಗ ‘ಎಕ್ಸ್‌ಟೆನ್ಷನ್’ ಎಂಬ ಹೆಸರು ಕಂಡರೆ, ಅದು ಯಾವಾಗ, ಏಕೆ ಹುಟ್ಟಿತು ಎಂದು ಒಮ್ಮೆ ಕೇಳಿನೋಡಿ.

ಸಾಹಿತ್ಯದಲ್ಲೂ ಗುರುತು ಉಳಿದಿದೆ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಅಗ್ರಹಾರದಲ್ಲಿ ಇಲಿಗಳು ಬೀಳುತ್ತಿವೆ, ಹದ್ದುಗಳು ಮನೆಯ ಮೇಲೆ ಬಂದು ಕೂರುತ್ತಿವೆ, ಬ್ರಾಹ್ಮಣರು ಮಾತ್ರ ಹೆಣದ ಸಂಸ್ಕಾರ ಯಾರದು ಎಂಬ ಚರ್ಚೆಯಲ್ಲಿದ್ದಾರೆ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದಲ್ಲಿ (1970) ಊರು ಬಿಟ್ಟು ಗುಡಿಸಲು ಹಾಕುವ ಬದುಕು ಇದ್ದ ಹಾಗೇ ಬಂದಿದೆ, ನಂಜಮ್ಮನ ಬೆಳೆದ ಮಕ್ಕಳನ್ನು ಪ್ಲೇಗು ಒಯ್ಯುವ ಪುಟಗಳನ್ನು ಓದಿ ಕಣ್ಣೊರೆಸಿಕೊಳ್ಳದವರು ನಮ್ಮಲ್ಲಿ ಕಡಿಮೆ. ಭೈರಪ್ಪನವರು ತಮ್ಮ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲೇ ಕಳೆದುಕೊಂಡವರು.

1940ರ ದಶಕದಿಂದೀಚೆಗೆ ಡಿ.ಡಿ.ಟಿ., ಸಲ್ಫಾ ಮಾತ್ರೆ, ಸ್ಟ್ರೆಪ್ಟೊಮೈಸಿನ್ ಬಂದು ಪ್ಲೇಗಿನ ಹಲ್ಲು ಕಿತ್ತವು. ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆ 1966ರಲ್ಲಿ ಕಾಣಿಸಿಕೊಂಡ ಮೇಲೆ 1994ರಲ್ಲಿ ಮಹಾರಾಷ್ಟ್ರದ ಬೀಡ್ ಮತ್ತು ಗುಜರಾತಿನ ಸೂರತ್ತಿನಲ್ಲಿ ಸುದ್ದಿಯಾಗುವವರೆಗೆ ದೇಶ ಅದನ್ನು ಮರೆತೇಬಿಟ್ಟಿತ್ತು. ನಾವು ಬಂದು ನೆಲೆಸಿರುವ ಈ ದೇಶಕ್ಕೂ ಅದೇ ಪ್ಲೇಗು 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬಂದರಿನ ಮೂಲಕ ಬಂತು. ಅಲ್ಲಿಂದ ಕಾಡಿನ ಅಳಿಲುಗಳಿಗೆ, ಪ್ರೇರಿ ಡಾಗ್‌ಗಳಿಗೆ ಹಬ್ಬಿ ನ್ಯೂ ಮೆಕ್ಸಿಕೊ, ಅರಿಜೋನಾ, ಕೊಲರಾಡೊ ಸೀಮೆಯಲ್ಲಿ ಇನ್ನೂ ಇದೆ. ವರ್ಷಕ್ಕೆ ಸರಾಸರಿ ಏಳು ಜನರಿಗೆ ತಗಲುತ್ತದೆ; ಬೇಗ ಔಷಧ ಸಿಕ್ಕರೆ ಗುಣವಾಗುತ್ತದೆ. ಅತ್ತ ಭಾರತದಲ್ಲಿ 1897ರ ಅದೇ ಕಾಯಿದೆಯನ್ನು 2020ರ ಮಾರ್ಚಿನಲ್ಲಿ ಮತ್ತೆ ಹೊರತೆಗೆಯಲಾಯಿತು. ದೇಶದ ಮೊದಲ ಕೋವಿಡ್ ಸಾವು ದಾಖಲಾದ ಊರು ನಮ್ಮ ಕಲಬುರಗಿ.

ಕೋವಿಡ್ ಕಾಲದ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ ಭದ್ರವಾಗಿದೆ. ಪ್ಲೇಗಿನ ಕಾಲದ ಸಣ್ಣ ಊರುಗಳ ಬದುಕು ಹಾಗಿಲ್ಲ. ಎಷ್ಟು ಸತ್ತರು ಎಂಬುದು ವರದಿಗಳಲ್ಲಿದೆ. ಹೇಗೆ ಬದುಕಿದರು ಎಂಬುದು ಜನರ ಬಾಯಲ್ಲಿತ್ತು. ಕೊನೆಯ ಪ್ಲೇಗಿನ ಗುಡಿಸಲುಗಳಲ್ಲಿ ಮಕ್ಕಳಾಗಿದ್ದವರಿಗೆ ಈಗ ತೊಂಬತ್ತರ ಆಸುಪಾಸು. ಮುಂದಿನ ಭಾನುವಾರ ಊರಿಗೆ ಫೋನ್ ಮಾಡಿದಾಗ ಮನೆಯ ಹಿರಿಯರನ್ನು ಕೇಳಿ: ನಿಮ್ಮೂರಿನವರು ಗುಡಿಸಲು ಹಾಕಿದ್ದು ಯಾವ ಹೊಲದಲ್ಲಿ? ಮೊದಲು ಹೊರಟವರು ಯಾರು, ಹೊರಡದೆ ಉಳಿದವರು ಯಾರು? ನೀರು ಎಲ್ಲಿಂದ ತಂದಿರಿ? ಸಿಕ್ಕಷ್ಟನ್ನು ಒಂದು ಹಾಳೆಯಲ್ಲಿ ಬರೆದು ಊರಿನ ಹೆಸರಿನೊಂದಿಗೆ ನಮಗೆ ಕಳಿಸಿ. ಬಂದದ್ದನ್ನು ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಅಚ್ಚು ಹಾಕುತ್ತೇವೆ.